ಕುರುಡು ದೊರೆಯ ಕನ್ನಡಕ

ಹಿನಕಲ್ ಸಣ್ಣಯ್ಯ ಅಂದರೆ ನಮ್ಮ ಕಡೆ ಎರಡು ಥರದ ಜನಕ್ಕೆ ಗೊತ್ತು. ನಲ್ಲಿ ನೀರಿಗೆ ಕಾದವರಿಗೆ ಗೊತ್ತು, ನಾಟಕ ನೋಡಿದವರಿಗೆ ಗೊತ್ತು. ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸ ಮಾಡಿ ರಿಟೈರ್ ಆದವನು ಅವನು. ಉದ್ದನೆಯ ಕಬ್ಬಿಣದ ಕೀಯನ್ನು ಸೈಕಲ್ಲಿಗೆ ಕಟ್ಟಿಕೊಂಡು ದಟ್ಟಗಳ್ಳಿಯ ಬಡಾವಣೆಗಳನ್ನೆಲ್ಲ ಸುತ್ತುತ್ತಿದ್ದವನು, ವರ್ಷಕ್ಕೊಂದು ಭಾನುವಾರ ಪುರಭವನದ ರಂಗದ ಮೇಲೆ ಕಿರೀಟ ಇಟ್ಟುಕೊಂಡು ನಿಲ್ಲುತ್ತಿದ್ದ. ಆವತ್ತು ಅವನ ಮುಂದೆ ನೀರಿನ ಸುದ್ದಿ ಎತ್ತಿದವರ ಗತಿ ನೆಟ್ಟಗಿರುತ್ತಿರಲಿಲ್ಲ.

ನಾನು ಲೋಕೇಶ್. ಅದೇ ನೀರಿನ ಇಲಾಖೆಯಲ್ಲಿ ಮೀಟರ್ ರೀಡರ್ ಆಗಿದ್ದೆ. ನಾಟಕದಲ್ಲಿ ನನ್ನದು ಪ್ರಾಂಪ್ಟಿಂಗ್ ಕೆಲಸ. ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು, ಮಾತು ಮರೆತವರಿಗೆ ಮೆಲ್ಲಗೆ ಹೇಳಿಕೊಡುವುದು. ಚಪ್ಪಾಳೆಯಲ್ಲಿ ಪಾಲಿಲ್ಲ, ಬೈಗುಳದಲ್ಲಿ ಮಾತ್ರ ಪೂರ್ತಿ ಪಾಲು.

ನಮ್ಮ ತಂಡಕ್ಕೆ ಇರುವುದು ಒಂದೇ ನಾಟಕ. ಹಾರ್ಮೋನಿಯಂ ಮೇಷ್ಟ್ರು ಬರೆದ ಪಾಳೇಗಾರರ ಕಥೆ. ಅದರಲ್ಲಿ ಶತ್ರುಗಳ ಕೈಗೆ ಸಿಕ್ಕಿಬೀಳುವ ಯುವರಾಜ, ಕೋಟೆಯೊಳಗೆ ಅವನಿಗಾಗಿ ಕೊರಗುವ ಕುರುಡ ಮುದಿ ದೊರೆ, ರಾಣಿ. ಯುವರಾಜನ ಪಾರ್ಟು ಮೊದಲಿನಿಂದಲೂ ಸಣ್ಣಯ್ಯಣ್ಣನದೇ. ರಾಣಿಯ ಪಾರ್ಟು ಮಂಡಿ ಮೊಹಲ್ಲಾದ ಸಿದ್ದಲಿಂಗಮ್ಮನದು. ಹತ್ತಾರು ತಂಡಗಳಿಗೆ ಹೋಗಿ ಪಾರ್ಟು ಮಾಡಿ ಬರುವ ಕಸುಬಿನ ಕಲಾವಿದೆ ಆಕೆ. ಯುವರಾಜನಿಗೆ ಎಪ್ಪತ್ತಾದರೂ ಅವನ ತಾಯಿಗೆ ಇನ್ನೂ ಐವತ್ತು ದಾಟಿರಲಿಲ್ಲ. ನಮ್ಮ ನಾಟಕದಲ್ಲಿ ಸೇನಾಪತಿ ವಾಚು ಕಟ್ಟಿಕೊಂಡು ಬಂದದ್ದೂ ಉಂಟು. ಇಂಥದ್ದನ್ನೆಲ್ಲ ಕೇಳುವವರು ನಾಟಕ ನೋಡಲು ಬರಬಾರದು.

ಹೋದ ವರ್ಷ ಅನಾಹುತವಾಯಿತು. ಯುದ್ಧಕ್ಕೆ ಹೊರಡುವ ದೃಶ್ಯದಲ್ಲಿ ಸಣ್ಣಯ್ಯಣ್ಣ ಕೈ ಎತ್ತಿ ನಿಂತವನು ಹಾಗೇ ನಿಂತುಬಿಟ್ಟ. ಮಾತು ಬರಲಿಲ್ಲ. ನಾನು ಹೇಳಿಕೊಟ್ಟೆ. ಕೇಳಿಸಲಿಲ್ಲ. ಅವನ ಕಿವಿ ಮಂದವಾಗಿ ಆಗಲೇ ಎರಡು ಮೂರು ವರ್ಷವಾಗಿತ್ತು. ಕಿವಿಗೆ ಹಾಕುವ ಮಿಷನ್ ಇತ್ತು, ಆದರೆ ಕಿರೀಟ ತಗುಲಿದರೆ ಅದು ಕುಯ್ಯೋ ಎಂದು ಅರಚುತ್ತಿದ್ದುದರಿಂದ ನಾಟಕದ ದಿನ ತೆಗೆದಿಡುತ್ತಿದ್ದ. ನಾನು ಇನ್ನೂ ಗಟ್ಟಿಯಾಗಿ ಹೇಳಿದೆ, ಆಮೇಲೆ ಕೂಗಿಯೇ ಹೇಳಿದೆ. ಮೂರನೇ ಸಾಲಿನವರೆಗೆ ಎಲ್ಲರಿಗೂ ಕೇಳಿಸಿತು, ಅವನೊಬ್ಬನನ್ನು ಬಿಟ್ಟು. ಕೊನೆಗೆ ಮುಂದೆ ಕೂತಿದ್ದ ಯಾರೋ ಒಬ್ಬರು ಎದ್ದು, “ಯಜಮಾನ್ರೇ, ಕತ್ತಿ ತನ್ನಿ ಅನ್ನಿ! ಒಳಗಿರೋರು ಆಗ್ಲಿಂದ ಬಡ್ಕೋತಾವ್ರೆ!” ಎಂದರು. ಇಡೀ ಪುರಭವನ ನಕ್ಕಿತು.

ನಾಟಕ ಮುಗಿದ ಮೇಲೆ ಸಣ್ಣಯ್ಯಣ್ಣ ಮೇಕಪ್ಪನ್ನು ತಾನೇ ಒರೆಸಿಕೊಳ್ಳುತ್ತಾ, “ಸಾಕು ಕಣೋ ಲೋಕೇಶ” ಎಂದ. “ಕಿವಿ ಓದ್ರೆ ಓಯ್ತು. ತಲೇನೂ ಖಾಲಿ ಆಗ್ತಾ ಅದೆ. ಇಷ್ಟು ವರ್ಷ ಆಡಿದ ಮಾತು ಒಂದಾದ್ರೂ ನೆಪ್ಪಿಗೆ ಬರಬ್ಯಾಡ್ವಾ?”

ಕೆಲಸದಿಂದ ರಿಟೈರ್ ಆದ ದಿನ ಹಾರ ಹಾಕಿಸಿಕೊಂಡು ನಗುನಗುತ್ತಾ ಮನೆಗೆ ಹೋದ ಮನುಷ್ಯ ಆವತ್ತು ಅತ್ತ.

ಅವನ ಮಗಳು ನಯನಾ ಪಾಲಿಟೆಕ್ನಿಕ್ಕಿನಲ್ಲಿ ಲೆಕ್ಚರರ್. ಅಪ್ಪ ನಾಟಕ ಬಿಟ್ಟಮೇಲೆ ಊಟದಲ್ಲೂ ರುಚಿ ಬಿಟ್ಟಿದ್ದು ನೋಡಿ ಒಂದು ದಿನ ಹೊಸ ಸುದ್ದಿ ತಂದಳು. ಒಂದು ಥರದ ಕನ್ನಡಕ ಬಂದಿದೆಯಂತೆ. ಹಾಕಿಕೊಂಡವರ ಕಣ್ಣೆದುರಿಗೆ, ಗಾಳಿಯಲ್ಲಿ ತೇಲುವ ಹಾಗೆ ಅಕ್ಷರ ಕಾಣುತ್ತದಂತೆ. ಎದುರಿಗಿರುವವರಿಗೆ ಕಾಣುವುದು ಬರೀ ಕನ್ನಡಕ. “ಮಾತೆಲ್ಲ ಅದ್ರಲ್ಲೇ ಹಾಕ್ಬಿಡೋಣ ಅಪ್ಪ. ಕಿವಿಯ ಹಂಗೇ ಬೇಡ” ಎಂದಳು.

ಸಣ್ಣಯ್ಯಣ್ಣ ನನ್ನ ಮುಖ ನೋಡಿದ. ನಾನು ಬಾಯಿಗೆ ಬಂದದ್ದನ್ನೆಲ್ಲ ಆಡಿದೆ. ಕಿವಿಗೆ ತಂದ ಮಿಷನ್ ಏನಾಯಿತು ಅಂತ ಕೇಳಿದೆ. ಇಂಥದ್ದೆಲ್ಲ ಜಾಹೀರಾತಿನಲ್ಲಿ ಚೆಂದ, ಮನೆಗೆ ಬಂದಮೇಲೆ ಮೂಲೆಗೆ ಅಂದೆ. ಗಾಳಿಯಲ್ಲಿ ತೇಲುವ ಅಕ್ಷರವನ್ನು ಓದುತ್ತಾ ಯಾವ ಯುವರಾಜ ತಾನೇ ಯುದ್ಧ ಮಾಡುತ್ತಾನೆ? ನಿಜ ಹೇಳಬೇಕೆಂದರೆ ನನಗೆ ಉರಿದದ್ದು ಬೇರೆ ಕಾರಣಕ್ಕೆ. ಅವಳು ತರುತ್ತೇನೆ ಅಂದದ್ದು ನನ್ನ ಕೆಲಸಕ್ಕೇ ಬದಲಿ.

ಮೇಷ್ಟ್ರು ಮಾತ್ರ ಕಿವಿ ನೆಟ್ಟಗೆ ಮಾಡಿಕೊಂಡು ಕೇಳಿದರು. “ಯುವರಾಜ ಕನ್ನಡಕ ಹಾಕೋಹಂಗಿಲ್ಲ, ಸರಿ. ಮುದಿ ದೊರೆ ಕುರುಡ ತಾನೇ? ಅವನಿಗೆ ಕಪ್ಪು ಕನ್ನಡಕ ಹಾಕ್ಸುದ್ರೆ ಯಾರು ಕೇಳ್ತಾರೆ?” ಎಂದರು. ಕಣ್ಣು ಕಾಣದ ದೊರೆ ಓದಿಕೊಂಡು ಮಾತಾಡುವುದು! ಇದನ್ನು ಯೋಚಿಸಲು ಮೇಷ್ಟ್ರೇ ಆಗಬೇಕು. ಯುವರಾಜನ ಕತ್ತಿಯನ್ನು ಕಿರಿಯನೊಬ್ಬನ ಕೈಗೆ ಕೊಡುವಾಗ ಸಣ್ಣಯ್ಯಣ್ಣ ಅದನ್ನೊಮ್ಮೆ ಸವರಿದ, ಅಷ್ಟೇ. “ಒಂದು ಸಲ ನೋಡೇಬುಡ್ತೀನಿ. ಇದರಲ್ಲೂ ಆಗ್ನಿಲ್ಲ ಅಂದ್ರೆ ಬಣ್ಣ ಹಚ್ಚೋದು ಇದೇ ಕೊನೆ” ಎಂದ.

ಕನ್ನಡಕ ಎಲ್ಲಿಂದಲೋ ಬರಬೇಕಿತ್ತು. ವಾರ ಕಳೆಯಿತು, ತಿಂಗಳು ಕಳೆಯಿತು. ಸಣ್ಣಯ್ಯಣ್ಣ ಗೇಟಿನ ಸದ್ದಾದಾಗಲೆಲ್ಲ ಹೊರಗೆ ಬರುತ್ತಿದ್ದ ಎಂದು ನಯನಾ ಹೇಳಿದಳು. ಸದ್ದು ಅವನಿಗೆ ಹೇಗೆ ಕೇಳಿಸುತ್ತಿತ್ತೋ ದೇವರೇ ಬಲ್ಲ. ಅಲ್ಲಿಯವರೆಗೆ ಅಭ್ಯಾಸಕ್ಕಿರಲಿ ಎಂದು ಅಳಿಯನ ಕಪ್ಪು ಕನ್ನಡಕ ಹಾಕಿಕೊಂಡು, ಕೋಲು ಹಿಡಿದು, ಮನೆ ಮುಂದಿನ ರಸ್ತೆಯಲ್ಲಿ ತಡವರಿಸಿಕೊಂಡು ನಡೆಯುತ್ತಿದ್ದ. ಎದುರು ಮನೆಯ ತಿಮ್ಮಮ್ಮ ಅದನ್ನು ನೋಡಿ ಎರಡು ಎಳನೀರು ತಂದುಕೊಟ್ಟು, “ಆಪ್ರೇಸನ್ ಯಾವಾಗಾಯ್ತು ಸಣ್ಣಯ್ಯೋರೆ? ಒಂದು ಮಾತು ಯೋಳಬಾರದಾ?” ಎಂದು ಬೇಜಾರು ಮಾಡಿಕೊಂಡರು. ಅವನು ಎಳನೀರು ಎರಡನ್ನೂ ಕುಡಿದು, ಆಮೇಲೆ ನಿಜ ಹೇಳಿದ.

ಸಿದ್ದಲಿಂಗಮ್ಮ ಟ್ರಯಲ್ಲಿಗೆ, ಅಂದರೆ ನಾಟಕದ ತಾಲೀಮಿಗೆ, ಬಂದ ದಿನ ವಿಷಯ ತಿಳಿದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. “ಇದ್ಯಾವ ಸೀಮೆ ನಾಟಕ ಕಣ್ರೀ? ಪರೀಕ್ಷೆಲಿ ಕಾಪಿ ಒಡ್ದಂಗೆ! ಕಲಾವಿದ ಅಂದ್ಮೇಲೆ ಮಾತು ಎದೇಲಿರ್ಬೇಕು, ಗಾಜಿನಲ್ಲಲ್ಲ. ನನಗೆಷ್ಟು ನಾಟಕ ಬಾಯಿಪಾಠ ಗೊತ್ತಾ? ನನಗ್ಯಾವ ಕನ್ನಡಕ ಐತೆ?” ಎಂದಳು. ನನಗೆ ಒಳಗೊಳಗೇ ಖುಷಿಯಾಯಿತು. ಸಣ್ಣಯ್ಯಣ್ಣ ಅವಳ ತುಟಿ ನೋಡುತ್ತಿದ್ದವನು ತಲೆ ತಗ್ಗಿಸಿದ. ಆಗ ನನ್ನ ಖುಷಿ ಇಳಿದುಹೋಯಿತು.

ಅಂತೂ ಕಪ್ಪು ಗಾಜಿನ ಆ ಕನ್ನಡಕ ಬಂತು. ಹಾಕಿಕೊಂಡು ನೋಡಿದರೆ ಕನ್ನಡದ ಅಕ್ಷರವೇ ಇಲ್ಲ, ಸಾಲಾಗಿ ಬರೀ ಚೌಕಗಳು. “ಏನವ್ವ ಇದು, ಇಟ್ಟಿಗೆ ಜೋಡಿಸಿದಂಗದೆ” ಎಂದ ಸಣ್ಣಯ್ಯಣ್ಣ. ನಾನು ಹೇಳಿರಲಿಲ್ಲವೇ ಎಂಬಂತೆ ನಾನು ಕೆಮ್ಮಿದೆ. ಆದರೆ ನಯನಾ ಬಿಡುವ ಪೈಕಿಯಲ್ಲ. ಎರಡು ದಿನ ಕೂತು, ದೊರೆಯ ಮಾತುಗಳನ್ನೆಲ್ಲ ಚಿತ್ರದ ಹಾಗೆ ಮಾಡಿ ಅದರೊಳಗೆ ತುಂಬಿದಳು. ಈ ಸಲ ಸಣ್ಣಯ್ಯಣ್ಣ ಹಾಕಿಕೊಂಡು ಗೋಡೆಯ ಕಡೆ ತಿರುಗಿದ. ಆಮೇಲೆ ನಿಧಾನಕ್ಕೆ ಮುದಿ ದೊರೆಯ ಮೊದಲ ಮಾತನ್ನು ಓದಿದ. ಓದಿ ಮುಗಿಸಿ ನಕ್ಕ. ನನಗೂ ತೆಗೆದುಕೊಟ್ಟ. ನನ್ನ ಕಣ್ಣೆದುರಿಗೆ, ಅವರ ಮನೆಯ ಕ್ಯಾಲೆಂಡರಿನ ಮುಂದೆ, ಹಸಿರು ಬಣ್ಣದಲ್ಲಿ ಮೇಷ್ಟ್ರ ಮಾತು ನಿಂತಿತ್ತು. ಮುಂದಿನ ಮಾತು ಬರಬೇಕಾದರೆ ಕನ್ನಡಕದ ಕಡ್ಡಿಯನ್ನು ಬೆರಳಿನಿಂದ ತಟ್ಟಬೇಕು. ಚೆನ್ನಾಗಿದೆ ಅಂತ ನಾನು ಬಾಯಿಬಿಟ್ಟು ಹೇಳಲಿಲ್ಲ.

ಈ ತಟ್ಟುವುದೇ ಟ್ರಯಲ್ಲಿನಲ್ಲಿ ದೊಡ್ಡ ತಾಪತ್ರಯವಾಯಿತು. ದೊರೆ ಮಾತಿಗೊಮ್ಮೆ ಕಣತಲೆ ಮುಟ್ಟಿಕೊಂಡರೆ ನೋಡಿದವರು ಏನಂದಾರು? ಮೇಷ್ಟ್ರು ಅದಕ್ಕೂ ದಾರಿ ಹುಡುಕಿದರು. ಮಗನ ಚಿಂತೆಯಲ್ಲಿ ದೊರೆಗೆ ಸದಾ ತಲೆನೋವು ಎಂದು ಮಂತ್ರಿಯ ಬಾಯಲ್ಲಿ ಒಂದು ಮಾತು ಸೇರಿಸಿದರು.

ನಾಟಕದ ದಿನ ಬೆಳಿಗ್ಗೆ, ಶುರುವಾಗುವ ಹೊತ್ತಿಗೆ, ನಾನು ಎಂದಿನಂತೆ ಪುಸ್ತಕ ಹಿಡಿದು ಪರದೆಯ ಮರೆಗೆ ಹೋದೆ. ಸಣ್ಣಯ್ಯಣ್ಣ ಬಂದು ಪುಸ್ತಕ ಕಿತ್ತುಕೊಂಡ. “ಇವತ್ತು ನೀನು ಮುಂದೆ ಓಗಿ ಕೂತ್ಕೋ. ಇಷ್ಟು ವರ್ಷ ಪಕ್ಕದಿಂದ ನನ್ ಕಿವಿ ನೋಡಿದ್ದೇ ಆಯ್ತು, ಒಂದ್ ಸಲ ಮೊಕ ನೋಡು” ಎಂದ. ಪುಸ್ತಕವನ್ನು ಮೇಕಪ್ಪಿನ ಸಿದ್ದಪ್ಪಾಜಿಯ ಕೈಗೆ ಕೊಟ್ಟ. ನಾನು ಮುಖ ಊದಿಸಿಕೊಂಡೇ ಹೋಗಿ ನಯನಾಳ ಪಕ್ಕ ಕೂತೆ.

ಪರದೆ ಸರಿಯಿತು. ಕಪ್ಪು ಕನ್ನಡಕದ ದೊರೆ ಕೋಲೂರಿಕೊಂಡು ಬಂದ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಅವನು ಬಾಯಿ ತೆರೆದ ಮೇಲೆ ಆ ಸದ್ದು ಅಡಗಿತು. ನಾನು ಆ ನಾಟಕವನ್ನು ಎಷ್ಟೋ ಸಲ ಓದಿದವನು, ಒಂದು ಸಲವೂ ನೋಡಿದವನಲ್ಲ. ಅವನ ಕೆನ್ನೆ ನಡುಗುವುದು, ಮಗನ ಹೆಸರು ಬಂದಾಗ ಕತ್ತು ಆ ಕಡೆಗೆ ತಿರುಗುವುದು, ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಒಂದು ಮಾತೂ ತಪ್ಪಲಿಲ್ಲ. ಅವನು ಕಣತಲೆ ಮುಟ್ಟಿಕೊಂಡಾಗಲೆಲ್ಲ ನನ್ನ ಹಿಂದೆ ಕೂತಿದ್ದ ಹೆಂಗಸು ಲೊಚಗುಟ್ಟುತ್ತಿದ್ದಳು. ನಾನು ಮುನಿಸು ಮರೆತು ಕೂತುಬಿಟ್ಟೆ.

ಕೊನೆಯ ದೃಶ್ಯ ಬಂತು. ಯುವರಾಜನನ್ನು ಶತ್ರುಗಳು ಹಿಡಿದಿದ್ದಾರೆ, ಕೋಟೆ ಬಿಟ್ಟುಕೊಟ್ಟರೆ ಅವನ ಜೀವ ಉಳಿಯುತ್ತದೆ. ದೊರೆ, “ಹೇಳು ದೇವಿ, ನಿನ್ನ ಮನಸ್ಸಿನಲ್ಲೇನಿದೆ?” ಎಂದು ಕೇಳುತ್ತಾನೆ. ನಾಟಕ ನಿಂತಿರುವುದೇ ರಾಣಿಯ ಉತ್ತರದ ಮೇಲೆ.

ಸಿದ್ದಲಿಂಗಮ್ಮ ಬಾಯಿ ತೆರೆದಳು. ಮಾತು ಬರಲಿಲ್ಲ.

ಹಿಂದಿನ ಎರಡು ರಾತ್ರಿ ಅವಳು ಬೇರೆ ತಂಡಗಳ ನಾಟಕ ಮುಗಿಸಿ ಬಂದಿದ್ದಳು, ಕಣ್ಣಲ್ಲಿ ನಿದ್ದೆ ಇರಲಿಲ್ಲ. ಅವಳು ಸಿದ್ದಪ್ಪಾಜಿಯ ಕಡೆ ನೋಡಿದಳು. ಆ ಮಹಾರಾಯ ನಾಟಕ ನೋಡುತ್ತಾ ಮೈಮರೆತು ಪುಟವನ್ನೇ ತಿರುವಿರಲಿಲ್ಲ. ಈಗ ಗಾಬರಿಯಿಂದ ಹಾಳೆ ಮಗುಚುವ ಸದ್ದು ನಮ್ಮವರೆಗೂ ಕೇಳಿಸುತ್ತಿತ್ತು. ನನ್ನ ನಾಲಿಗೆ ತುದಿಯಲ್ಲಿ ಮಾತಿತ್ತು, ಕೂಗುವಂತಿಲ್ಲ. ಸಭೆಯಲ್ಲಿ ಗುಜುಗುಜು ಶುರುವಾಯಿತು.

ಆಗ ಕುರುಡು ದೊರೆ ಎರಡು ಹೆಜ್ಜೆ ಮುಂದೆ ಬಂದು ತಡವರಿಸಿ ಅವಳ ಕೈ ಹಿಡಿದ. “ನೀನು ಬಾಯಿ ಬಿಡದಿದ್ದರೂ ನನಗೆ ಕೇಳಿಸುತ್ತದೆ ದೇವಿ” ಎಂದ. “ಕೋಟೆಯನ್ನು ಮತ್ತೆ ಕಟ್ಟಿಸಬಹುದು ಪ್ರಭು, ಮಗನನ್ನು ಮತ್ತೆ ಹೆರಲಾರೆ. ಇದೇ ಅಲ್ಲವೇ ನಿನ್ನ ಮಾತು?”

ಅವಳಿಗೆ ದಾರಿ ಸಿಕ್ಕಿತು. “ಇದೇ ಪ್ರಭು!” ಎಂದು ಅತ್ತೇಬಿಟ್ಟಳು, ಮುಂದಿನದನ್ನೆಲ್ಲ ನಿರರ್ಗಳವಾಗಿ ಹೇಳಿದಳು. ಚಪ್ಪಾಳೆ ಬಿದ್ದದ್ದು ನೋಡಿ ಮೇಷ್ಟ್ರು, ಸಣ್ಣಯ್ಯಣ್ಣ ಸ್ವಂತವಾಗಿ ಸೇರಿಸಿದ ಆ ಮೊದಲ ಸಾಲನ್ನೂ ತಾವೇ ಬರೆದವರಂತೆ ಹಾರ್ಮೋನಿಯಂ ಒತ್ತುತ್ತಾ ತಲೆದೂಗಿದರು.

ನಾಟಕ ಮುಗಿದು ನಾನೂ ನಯನಾಳೂ ಒಳಗೆ ಹೋದಾಗ ಸಿದ್ದಲಿಂಗಮ್ಮ ಸಣ್ಣಯ್ಯಣ್ಣನ ಮುಂದೆ ನಿಂತಿದ್ದಳು. “ಬೈದಿದ್ದೆಲ್ಲ ವಾಪಸ್ ತಗೊಂಡೆ ಸಣ್ಣಯ್ಯೋರೆ. ಆ ಕನ್ನಡಕ ಇವತ್ತು ನನ್ ಮಾನ ಉಳಿಸ್ತು. ಅದ್ರಲ್ಲಿ ನನ್ ಮಾತು ಇರ್ದೇ ಇದ್ದಿದ್ರೆ ಏನ್ ಗತಿ?” ಎನ್ನುತ್ತಿದ್ದಳು.

“ಇರ್ಲಿಲ್ವಲ್ಲ” ಎಂದಳು ನಯನಾ. ಎಲ್ಲರೂ ತಿರುಗಿದರು. ಅವಳು ಅಪ್ಪನ ಕಿವಿಯ ಹತ್ತಿರ ಹೋಗಿ ಹೇಳಿದಳು. “ಅಪ್ಪ, ನಿನ್ನ ಮಾತಷ್ಟೇ ನಾನು ಹಾಕಿದ್ದು. ಬೇರೆಯೋರ್ದು ಒಂದೂ ಹಾಕಿಲ್ಲ.”

“ಇತ್ತು ಕಣವ್ವ” ಎಂದ ಸಣ್ಣಯ್ಯಣ್ಣ. “ನಾನು ಓದ್ದೆ. ಅಕ್ಸರ ಕಾಣ್ತು.”

“ಇರ್ಲಿಲ್ಲಪ್ಪ.”

ಅವನು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡ. ನನಗೆ ತಟ್ಟನೆ ಹೊಳೆಯಿತು. “ಅಣ್ಣಾ, ನೀನು ಯುವರಾಜನ ಪಾರ್ಟ್ ಮಾಡುವಾಗ ಸಂಕೋಲೆ ಹಾಕ್ಕೊಂಡು ನನ್ ಪಕ್ಕದಲ್ಲೇ ನಿಂತಿರ್ತಿದ್ದೆ. ಆ ಮಾತು ಆದ್ಮೇಲೇ ತಾನೇ ನೀನು ಒಳಗಿಂದ ಬರ್ತಾ ಇದ್ದದ್ದು? ಕಿವಿ ನೆಟ್ಟಗಿದ್ದಾಗ ಪ್ರತಿ ವರ್ಷ ಕೇಳಿದ್ದೀಯ” ಎಂದೆ, ಅವನಿಗೆ ಕೇಳಿಸುವಷ್ಟು ಜೋರಾಗಿ.

ಅವನು ಕುರ್ಚಿಯ ಮೇಲೆ ಕೂತ. ಬಣ್ಣದ ಮೇಲೆ ಕಣ್ಣೀರು ಇಳಿಯಿತು, ಬಾಯಿ ಮಾತ್ರ ನಗುತ್ತಿತ್ತು. “ಅಂಗಾರೆ ತಲೆ ಖಾಲಿ ಆಗಿಲ್ಲ ಕಣೋ” ಎಂದ.

“ಮುಂದಿನ ಸಲಕ್ಕೆ ಅದು ಬ್ಯಾಡ ಬುಡಿ ಮತ್ತೆ” ಎಂದಳು ಸಿದ್ದಲಿಂಗಮ್ಮ, ಕನ್ನಡಕದ ಕಡೆ ಕೈ ತೋರಿಸಿ.

“ಬ್ಯಾಡ ಅನ್ಬ್ಯಾಡ ಕಣಮ್ಮ. ಅದು ಕಣ್ಮುಂದೆ ಇತ್ತು ಅಂತ ಎದ್ರಿಕೆ ಇರ್ಲಿಲ್ಲ. ಎದ್ರಿಕೆ ಇಲ್ದಿದ್ಕೆ ನೆಪ್ಪಾಯ್ತು” ಎಂದು ಅದನ್ನು ಜೋಪಾನವಾಗಿ ಡಬ್ಬಿಯೊಳಗಿಟ್ಟ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರ ಕಡೆಗೆ ತಿರುಗಿದ. “ಮೇಷ್ಟ್ರೇ, ಮುಂದಿನ ವರ್ಸ ಮುದಿ ದೊರೆ ಪಾರ್ಟ್ನ ಯಾರಿಗೂ ಕೊಟ್ಬುಡಬ್ಯಾಡಿ. ನಾನಿವ್ನಿ.”

ಮೇಷ್ಟ್ರು ಹೂಂ ಎಂದರು. ಅವನಿಗೆ ಕೇಳಿಸಲಿಲ್ಲ. ಕಾಯುತ್ತಾ ಅವರ ಮುಖವನ್ನೇ ನೋಡುತ್ತಿದ್ದ. ನಾನು ಅವನ ಕಿವಿಯ ಹತ್ತಿರ ಬಗ್ಗಿ, “ಹೂಂ ಅಂದ್ರು ಕಣಣ್ಣಾ” ಎಂದು ಹೇಳಿದೆ.