ಟ್ಯಾಂಕ್ ತೊಳೆದ ನೀರು

ದ್ರಾಕ್ಷಿಗೆ ಔಷಧ ಯಾವಾಗ ಹೊಡೆಯಬೇಕು, ಯಾವಾಗ ಬೇಡ ಅಂತ ರೈತರಿಗೆ ಹೇಳುವುದೇ ನನ್ನ ನೌಕರಿ. ಹೇಳುತ್ತಲೇ ಇರುತ್ತೇನೆ, ಯಾರೂ ಕೇಳುವುದಿಲ್ಲ.

ಅಥಣಿ ಕಡೆಯ ಒಂದು ಊರಲ್ಲಿ ಆ ಮುಂಜಾನೆ ಮೋಡವಿತ್ತು, ಆದರೆ ಎಲೆಗಳ ಮೇಲೆ ಒಂದು ಹನಿಯೂ ಇರಲಿಲ್ಲ. ರೋಗ ಬರುವ ಲಕ್ಷಣವೇ ಇಲ್ಲ. ಆದರೂ ಅಣ್ಣಾಸಾಹೇಬರು ಟ್ರ್ಯಾಕ್ಟರಿನ ಟ್ಯಾಂಕಿಗೆ ಔಷಧ ಕಲಸುತ್ತಿದ್ದರು.

"ಇವತ್ತ ಬ್ಯಾಡ ಅಂದಿದ್ನೆಲ್ರಿ?"

"ನಿಮ್ಮ ಮಾತ ಖರೇನ ಐತ್ರಿ ಸರ. ಆದ್ರ ಬಾಜೂ ತ್ವಾಟದವ್ರು ಹೊಡ್ಯಾಕತ್ತಾರ."

ಬಾಜೂದವರನ್ನು ಕೇಳಿದೆ. ಅವರೂ ಎಲೆ ತಿರುವಿ ನೋಡಿ, ರೋಗ ಇಲ್ಲ ಅಂತ ಒಪ್ಪಿಕೊಂಡು, ಆಚೆಯ ತೋಟದ ಕಡೆ ಕೈ ತೋರಿಸಿದರು. ಹೀಗೆ ಐದು ತೋಟ ದಾಟಿ, ಎಲ್ಲರಿಗಿಂತ ಮೊದಲು ಪಂಪು ಚಾಲೂ ಮಾಡಿದ್ದ ಮಲಗೌಡರನ್ನು ಹಿಡಿದೆ.

"ನೀವ್ ಯಾಕ ಹೊಡದ್ರಿ?"

"ನಾ ಎಲ್ಲಿ ಹೊಡದೇನ್ರಿ? ಟ್ಯಾಂಕ್ ತೊಳ್ಯಾಕ ಬರೇ ನೀರ ಬಿಟ್ಟಿದ್ನಿ."

ನನಗೆ ನಗು ಬರಲಿಲ್ಲ. ಹಿಂದಿನ ಐದೂ ತೋಟಗಳಲ್ಲಿ ಪಂಪುಗಳು ಗುಂಯ್‌ಗುಡುತ್ತಿದ್ದವು, ಔಷಧದ ಘಾಟು ಮೂಗಿಗೆ ಬಡಿಯುತ್ತಿತ್ತು. ಅಣ್ಣಾಸಾಹೇಬರಿಗೆ ಫೋನ್ ಹಚ್ಚಿ, ಅದು ಬರೀ ನೀರು ಅಂತ ಹೇಳಿದೆ.

"ನೀರ ಇದ್ರ ಇರ್ಲಿ ಬಿಡ್ರಿ. ಇಷ್ಟ ಮಂದಿ ಸುಮ್ನ ಹೊಡೀತಾರೇನು?" ಅಂದರು.

ಮಲಗೌಡರು ಪಂಪುಗಳ ಸದ್ದನ್ನೇ ಕೇಳುತ್ತ ನಿಂತಿದ್ದರು. ಮುಖ ಸಣ್ಣದಾಗಿತ್ತು.

"ಎಲ್ಲಾರೂ ಹೊಡ್ಯಾಕತ್ತಾರಲ್ರಿ ಸರ. ನಾ ಒಬ್ನ ಬಿಟ್ರ ಹೆಂಗ? ಯಾವ ಔಷಧ ಹೊಡೀಲಿ, ಬರದ ಕೊಡ್ರಿ."

ಇಡೀ ಊರಲ್ಲಿ ಬೇಡ ಅನ್ನುವವನು ನಾನೊಬ್ಬನೇ ಉಳಿದಿದ್ದೆ. ಬರೆದುಕೊಟ್ಟೆ.

ಆ ಊರವರು ನನ್ನ ಮಾತು ಕೇಳಿದ್ದು ಅದೊಂದೇ ಸಲ.