ಕಲ್ಲೇರಿದ ವ್ಯಾನು, ಅದನ್ನೇರಿದ ಅತ್ತೆ

ಪ್ರಮೀಳಾ ಗುಬ್ಬಿಯಲ್ಲಿ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಾಳೆ. ಹುಟ್ಟಿದ್ದು ಕುಣಿಗಲ್ ಹತ್ತಿರದ ಹಳ್ಳಿಯಲ್ಲಿ. ಅಪ್ಪನ ಟ್ರ್ಯಾಕ್ಟರಿನ ಮೇಲೆ ಸ್ಟೇರಿಂಗ್ ಹಿಡಿದು ಬೆಳೆದವಳು, ಮದುವೆಯಾಗಿ ಬಂದ ಮೇಲೆ ಹನ್ನೊಂದು ವರ್ಷ ಸೌಟು ಹಿಡಿದು, ಸಾಕಾಗಿ ಮತ್ತೆ ಸ್ಟೇರಿಂಗಿಗೇ ಬಂದಳು. ಗಂಡ ನಾಗೇಶ್ ತುಮಕೂರಿನ ಅಂತರಸನಹಳ್ಳಿಯ ಕಾರ್ಖಾನೆಯೊಂದಕ್ಕೆ ಬೈಕಿನಲ್ಲಿ ಹೋಗಿಬರುವ ಸಾಧುಪ್ರಾಣಿ. ಹೆಂಡತಿ ಏನು ಹೇಳಿದರೂ ‘ಹ್ಞೂಂ’ ಅನ್ನುತ್ತಾನೆ, ಅದಕ್ಕೆ ತಾಯಿ ಬೈದರೆ ಆ ಬೈಗುಳಕ್ಕೂ ‘ಹ್ಞೂಂ’ ಅನ್ನುತ್ತಾನೆ.

ತಾಯಿ ಸಿದ್ದಲಕ್ಷ್ಮಮ್ಮನವರಿಗೆ ಸೊಸೆ ಗಾಡಿ ಓಡಿಸುವುದು ಸುತರಾಂ ಇಷ್ಟವಿರಲಿಲ್ಲ. ಹಳದಿ ವ್ಯಾನ್ ಮನೆಗೆ ಬಂದ ದಿನ ಪೂಜೆಗೆ ಕರೆದರೆ, ಮಂಡಿ ನೋವು ಎಂದು ಒಳಗೇ ಕೂತರು. ಅದೇ ಸಂಜೆ ಅದೇ ಮಂಡಿಯಲ್ಲಿ ಮೂರು ಬೀದಿ ಸುತ್ತಿ, ಸೊಸೆಯ ಬುದ್ಧಿಗೇಡಿತನವನ್ನು ಮನೆಮನೆಗೂ ಮುಟ್ಟಿಸಿ ಬಂದರು.

೨೦೨೦ರ ಮಾರ್ಚಿನಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿತು. ಹದಿನೈದು ದಿನದ ಮಾತು ಎಂದುಕೊಂಡು ಪ್ರಮೀಳಾ ವ್ಯಾನನ್ನು ಹಿತ್ತಲಿನ ತೆಂಗಿನ ಮರದ ಕೆಳಗೆ ನಿಲ್ಲಿಸಿದಳು. ಮೇ ತಿಂಗಳಾದರೂ ಶಾಲೆಯ ಸುದ್ದಿಯಿಲ್ಲ. ಆಗ ತುಮಕೂರಿನಿಂದ ಅವಳ ಮೆಕ್ಯಾನಿಕ್ ಜುಲ್ಫಿಕರ್ ಫೋನ್ ಮಾಡಿದ.

“ಅಕ್ಕಾ, ಗಾಡಿ ಎಲ್ಲಿ ನಿಲ್ಸಿದೀರಾ?”

“ತೆಂಗಿನ ಮರದ ಕೆಳಗೆ. ಚೆನ್ನಾಗಿ ನೆರಳು ಬೀಳುತ್ತೆ.”

“ನೆರಳು ಬೀಳುತ್ತೆ, ಕಾಯಿ ಬೀಳಲ್ವಾ? ಮೊದ್ಲು ಅಲ್ಲಿಂದ ತೆಗೀರಿ. ಈ ವರ್ಷ ಸ್ಕೂಲು ತೆರೆಯೋ ಹಂಗೆ ಕಾಣಲ್ಲ. ಗಾಡೀನ ಸರಿಯಾಗಿ ಮಲಗಿಸ್ಬೇಕು. ಹಂಗೇ ಬಿಟ್ರೆ ಅರ್ಧ ಇಲಿಗೆ, ಅರ್ಧ ತುಕ್ಕಿಗೆ.”

ಲಾಕ್‌ಡೌನಿನಿಂದಾಗಿ ಅವನು ಬರುವ ಹಾಗಿರಲಿಲ್ಲ. ಹೀಗಾಗಿ ಮರುದಿನ ಬಕೆಟ್ಟಿಗೆ ಫೋನ್ ಒರಗಿಸಿಟ್ಟು ವಿಡಿಯೋ ಕಾಲಿನಲ್ಲೇ ಕೆಲಸ ಶುರುವಾಯಿತು. ಜುಲ್ಫಿಕರ್ ಅಪ್ಪಣೆ ಕೊಡಿಸುವುದು, ಪ್ರಮೀಳಾ ಮಾಡುವುದು, ನಾಗೇಶ್ ‘ಹ್ಞೂಂ’ ಅನ್ನುತ್ತಾ ಸ್ಪ್ಯಾನರ್ ಹುಡುಕಿಕೊಡುವುದು.

ಮೊದಲು ವ್ಯಾನನ್ನು ಮರದಿಂದ ದೂರ ಸರಿಸಿ, ಸೀಟು ಬಿಚ್ಚಿ ಗುಡಿಸಿದರು. ಮೂರು ಕಾಲುಚೀಲ ಸಿಕ್ಕವು, ಯಾವುದಕ್ಕೂ ಜೋಡಿಯಿಲ್ಲ. ಕಲ್ಲಾಗಿದ್ದ ಅರ್ಧ ಇಡ್ಲಿ, ಒಂದು ಮಗ್ಗಿ ಪುಸ್ತಕ, ಕಾಗದದಲ್ಲಿ ಮಡಚಿಟ್ಟ ಯಾರದೋ ಹಾಲುಹಲ್ಲು.

“ಹಲ್ಲು ಬೇಕಾದ್ರೆ ಇಟ್ಕೊಳ್ಳಿ, ಇಡ್ಲಿ ಎಸೀರಿ,” ಅಂದ ಜುಲ್ಫಿಕರ್. “ಒಂದು ಚೂರು ತಿಂಡಿ ಉಳಿದ್ರೂ ಇಲಿ ಬಂದು ವೈರೆಲ್ಲ ಕಡಿದು ಹಾಕುತ್ತೆ.”

ಅಡಿಭಾಗದ ಕೆಸರನ್ನೂ ಬಿಡದೆ ತೊಳೆದು ಒಣಗಿಸಿ, ಸೀಟು ಮತ್ತೆ ಕೂರಿಸಿದರು. ಹಳೇ ಆಯಿಲ್ ಇಳಿಸಿ ಹೊಸದು ತುಂಬಿದರು. ಬ್ಯಾಟರಿ ಬಿಚ್ಚಿ ಒಳಗಿಟ್ಟರು. ನಾಗೇಶ್ ಕ್ಯಾನಿನಲ್ಲಿ ಪೆಟ್ರೋಲ್ ತಂದು ಟ್ಯಾಂಕ್ ತುಂಬಿಸುವಾಗ ಬಾಗಿಲಲ್ಲಿ ನಿಂತಿದ್ದ ಸಿದ್ದಲಕ್ಷ್ಮಮ್ಮನವರಿಗೆ ತಡೆಯಲಾಗಲಿಲ್ಲ.

“ಏನ್ಲಾ ನಾಗೇಶ, ನಿಂತಿರೋ ಗಾಡಿಗೆ ಹೊಟ್ಟೆತುಂಬ ಕುಡಿಸ್ತಾ ಇದೀಯಲ್ಲೋ?”

“ಅಮ್ಮಾ, ಖಾಲಿ ಟ್ಯಾಂಕಲ್ಲಿ ನೀರಾಡಿ ತುಕ್ಕು ಹಿಡಿಯುತ್ತೆ,” ಎಂದು ಬಕೆಟ್ಟಿನ ಕಡೆಯಿಂದ ಉತ್ತರ ಬಂತು. ನಾಗೇಶ್ ಇಬ್ಬರಿಗೂ ಸೇರಿಸಿ ‘ಹ್ಞೂಂ’ ಅಂದ.

ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗದಿರಲೆಂದು ಜಾಕಿಯಿಂದ ಎತ್ತಿ, ಕೆಳಗೆ ಸೈಜುಗಲ್ಲು ಕೊಟ್ಟು ವ್ಯಾನನ್ನು ಕಲ್ಲಿನ ಮೇಲೆ ನಿಲ್ಲಿಸಿದರು. ಹ್ಯಾಂಡ್‌ಬ್ರೇಕ್ ಎಳೆಯಲಿಲ್ಲ, ಎಳೆದಿಟ್ಟರೆ ಕಚ್ಚಿಕೊಳ್ಳುತ್ತದಂತೆ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿದರು. ನಾಲ್ಕು ಗಳ ನೆಟ್ಟು ಮೇಲೆ ಎತ್ತರಕ್ಕೆ ಟಾರ್ಪಾಲು ಕಟ್ಟಿದ್ದಾಯಿತು. ಅದು ಮೈಗೆ ಅಂಟಿದರೆ ಒಳಗೆ ಬೆವರಿ ಬಣ್ಣ ಕೆಡುವುದರಿಂದ, ಮೈಮೇಲೆ ಹೊದಿಸಲು ಹತ್ತಿ ಬಟ್ಟೆಯೇ ಬೇಕಿತ್ತು. ಮನೆಯಲ್ಲಿ ಹಳೆಯ ಹತ್ತಿ ಸೀರೆ ಇದ್ದದ್ದು ಒಬ್ಬರ ಬಳಿ ಮಾತ್ರ.

“ಆ ತಗಡಿಗೆ ನನ್ ಸೀರೆ ಉಡಿಸಿ, ಆರತಿ ಬೇರೆ ಎತ್ತಾಳಂತಾ?” ಎಂದು ಸಿದ್ದಲಕ್ಷ್ಮಮ್ಮ ಕೂಗಾಡಿದರು. ಕೂಗಾಡಿಯೇ ಪೆಟ್ಟಿಗೆ ತೆಗೆದು ಐದು ಸೀರೆ ಎಸೆದರು. ಪ್ರಮೀಳಾ ಅವನ್ನು ಹೊಲಿದು ಹೊದಿಸಿದಳು.

ಶ್ರಾವಣದ ಒಂದು ಮಧ್ಯಾಹ್ನ ಹಿತ್ತಲಿಗೆ ಹೋದ ಪ್ರಮೀಳಾಗೆ ಸೀರೆಯ ಹೊದಿಕೆ ಒಂದು ಬದಿ ಮೇಲೆದ್ದಿರುವುದು ಕಂಡಿತು. ಕಳ್ಳನೇ ಇರಬೇಕೆಂದು ಒನಕೆ ಹಿಡಿದು ಬಾಗಿಲು ಎಳೆದಳು. ಒಳಗೆ ಹಿಂದಿನ ಸೀಟಿನಲ್ಲಿ ಅತ್ತೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಎಲೆಅಡಿಕೆ ಚೀಲ, ದಿಂಬು, ಬೀಸಣಿಗೆ.

“ಅತ್ತೆ! ಇಲ್ಲೇನ್ ಮಾಡ್ತಿದೀರಾ?”

“ಒನಕೆ ಇಳ್ಸೇ ಮೊದ್ಲು.” ಸಿದ್ದಲಕ್ಷ್ಮಮ್ಮ ಸ್ವಲ್ಪ ಹೊತ್ತು ಎಲೆ ಅಗಿದರು. “ಆ ಮನೆಗೆ ನಲವತ್ತೈದು ವರ್ಷ ಆಯ್ತು ಕಣೇ ನಾನು ಬಂದು. ಅಡುಗೆಮನೆ ಎಲ್ಲಾರ್ದು, ನಡುಮನೆ ಎಲ್ಲಾರ್ದು. ನಾನೇ ಹಾಕ್ಕಂಡು, ನಾನೇ ತೆಗಿಯೋ ಬಾಗ್ಲು ಒಂದೂ ಇರ್ಲಿಲ್ಲ. ಇದಕ್ಕೆ ಐತೆ.”

ತಾನು ಇಷ್ಟು ವರ್ಷ ದಿನಕ್ಕೆರಡು ಸಲ ಆ ಬಾಗಿಲು ಹಾಕಿಕೊಂಡು ಹೊರಟಾಗ ಎದೆ ಹಗುರಾಗುತ್ತಿದ್ದದ್ದು ಯಾಕೆಂದು ಪ್ರಮೀಳಾಗೆ ಆಗ ತಿಳಿಯಿತು. ಒನಕೆಯನ್ನು ಗೋಡೆಗೊರಗಿಸಿ, ಮುಂದಿನ ಸೀಟಿನಲ್ಲಿ ಕೂತಳು. ಅತ್ತೆ ಎಲೆಅಡಿಕೆ ಚೀಲವನ್ನು ಮುಂದಕ್ಕೆ ಚಾಚಿದರು.

ಸುದ್ದಿ ಕೇಳಿ ಜುಲ್ಫಿಕರ್ ಬೆಚ್ಚಿಬಿದ್ದ. “ಅಯ್ಯೋ ಅಕ್ಕಾ, ಕಲ್ಲಿನ ಮೇಲಿರೋ ಗಾಡೀಲಿ ಮನುಷ್ಯರು ಕೂರಬಾರ್ದು! ಇವತ್ತೇ ಕೆಳಗಿಳಿಸಿ. ಗಾಳಿ ಜಾಸ್ತಿ ತುಂಬಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ. ತಿಂಗಳಿಗೊಂದ್ಸಲ ಒಂದಷ್ಟು ದೂರ ತಳ್ಳಿ. ಅಮ್ಮ ಒಳಗೇ ಇರ್ಲಿ ಬಿಡಿ, ಅವರಿದ್ರೆ ಇಲಿ ಬರಲ್ಲ.” ಆ ಕೊನೆಯ ಮಾತನ್ನು ಪ್ರಮೀಳಾ ಅತ್ತೆಗೆ ತಲುಪಿಸಲಿಲ್ಲ.

ಹಾಗೆ ತಿಂಗಳಿಗೊಮ್ಮೆ ಗಂಡ ಹೆಂಡತಿ ಹಿಂದೆ ನಿಂತು ವ್ಯಾನ್ ತಳ್ಳುವುದು ರೂಢಿಯಾಯಿತು. ಸಿದ್ದಲಕ್ಷ್ಮಮ್ಮ ಇಳಿಯುತ್ತಿರಲಿಲ್ಲ. “ನಿಧಾನ ಕಣ್ರೋ, ಕುಲುಕ್ತೈತೆ,” ಎಂದು ಒಳಗಿನಿಂದಲೇ ತಾಕೀತು ಮಾಡುತ್ತಿದ್ದರು. ಬೇಲಿಯಾಚೆಯಿಂದ ನೋಡಿದವರು, ಮುದುಕಿಯನ್ನು ಇವರು ಎಲ್ಲಿಗೋ ಸಾಗಿಸಲು ನೋಡುತ್ತಿದ್ದಾರೆ, ಗಾಡಿ ಮಾತ್ರ ಒಪ್ಪುತ್ತಿಲ್ಲ ಎಂದು ಆಡಿಕೊಂಡರು.

ಮರುವರ್ಷ ಅಕ್ಟೋಬರಿನಲ್ಲಿ ಸಣ್ಣ ಮಕ್ಕಳ ಶಾಲೆ ತೆರೆಯುವುದು ನಿಶ್ಚಯವಾದಾಗ ಜುಲ್ಫಿಕರ್ ತಾನೇ ಬಂದ. ಹಳೆಯ ಪೆಟ್ರೋಲ್ ತೆಗೆದು ಹೊಸದು ಹಾಕಿದ, ಬ್ಯಾಟರಿ ಕೂರಿಸಿದ, ಸೈಲೆನ್ಸರಿನ ಬಟ್ಟೆ ಕಿತ್ತ. ಮೊದಲೆರಡು ಸಲ ವ್ಯಾನ್ ಬರೀ ಕೆಮ್ಮಿತು. ಮೂರನೇ ಸಲಕ್ಕೆ ಗುರ್ರೆಂದು ಎದ್ದಾಗ ಪ್ರಮೀಳಾ ಸ್ಟೇರಿಂಗಿಗೆ ಹಣೆ ಒತ್ತಿ ಅತ್ತುಬಿಟ್ಟಳು.

“ಅಳೋಕೇನೈತೆ, ಹೊರಡು,” ಅಂದರು ಹಿಂದಿನ ಸೀಟಿನಿಂದ ಸಿದ್ದಲಕ್ಷ್ಮಮ್ಮ.

“ಅತ್ತೆ, ನಾಳೆಯಿಂದ ಮಕ್ಳು ಬರ್ತಾವೆ. ಇಳೀಬೇಕಲ್ಲ ನೀವು?”

“ಬರ್ಲಿ ಬುಡು. ನಾನೇನು ಕಚ್ತೀನಾ?”

ಪ್ರಮೀಳಾ ರಾತ್ರಿಯೆಲ್ಲ ಯೋಚಿಸಿದಳು. ಮಕ್ಕಳನ್ನು ಹತ್ತಿಸಿ ಇಳಿಸಲು ಒಬ್ಬ ಹೆಂಗಸು ಜೊತೆಗಿರಬೇಕೆಂದು ಶಾಲೆಯವರು ಹೇಗೂ ಕೇಳುತ್ತಿದ್ದರು. ಬೆಳಿಗ್ಗೆ ಅತ್ತೆಗೆ, ಆ ಕೆಲಸಕ್ಕೆ ನೀವೇ ಬನ್ನಿ ಎಂದಳು. ಅವರು ತಲೆ ಬಾಚಿ, ಒಳ್ಳೇ ಸೀರೆ ಉಟ್ಟು, ಎಲ್ಲರಿಗಿಂತ ಮೊದಲು ಹೋಗಿ ಬಾಗಿಲ ಪಕ್ಕ ಕೂತರು.

ಈಗಲೂ ಅಲ್ಲೇ ಕೂರುತ್ತಾರೆ. ಗಲಾಟೆ ಮಾಡುವ ಮಕ್ಕಳಿಗೆ ಅವರ ಒಂದು ನೋಟ ಸಾಕು. ಹೋದ ವರ್ಷ ಪ್ರಮೀಳಾಳ ತಮ್ಮನ ಮನೆಯ ಗೃಹಪ್ರವೇಶಕ್ಕೆ ಕುಣಿಗಲ್ಲಿಗೆ ಮನೆಯವರೆಲ್ಲ ವ್ಯಾನಿನಲ್ಲೇ ಹೋದರು. ಊರ ಹೆಂಗಸೊಬ್ಬಳು, “ಅಮ್ಮಾ, ಹೆಣ್ಮಕ್ಳು ಓಡ್ಸೋ ಗಾಡೀಲಿ ಕೂರೋಕೆ ಭಯ ಆಗಲ್ವಾ?” ಎಂದು ಕೇಳಿದಳು. ಸಿದ್ದಲಕ್ಷ್ಮಮ್ಮ ಮಗನ ಕಡೆ ಕೈ ತೋರಿಸಿದರು. “ಭಯ ಆಗೋದು ಇವನು ಓಡ್ಸುದ್ರೆ. ಬ್ರೇಕ್ ಹಾಕು ಕಣ್ಲಾ ಅಂದ್ರೂ ಹ್ಞೂಂ ಅಂತಾನೆ, ಬ್ಯಾಡ ಕಣೋ ಅಂದ್ರೂ ಹ್ಞೂಂ ಅಂತಾನೆ.”