ಕುಣಿಗಲ್ ಲಾರಿಯ ಸತ್ತ ನಾಜಲ್‌ಗಳು

ಜ್ವರ ಬರುವ ಹಿಂದಿನ ದಿನ ನಮ್ಮ ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ತುಮಕೂರಿನಿಂದ ಗುಬ್ಬಿಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಮ್ಮ ಶೆಡ್ಡು, ಅದರ ಬೆನ್ನಿಗೇ ಮನೆ. ಗುಬ್ಬಿ ಕಡೆಯಿಂದ ಲಾರಿಯೊಂದು ಬರುತ್ತಿತ್ತು. ಅದಿನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಅವರು ತಲೆ ಸ್ವಲ್ಪ ವಾರೆ ಮಾಡಿ, "ಇವನಿಗೆ ಒಂದು ನಾಜಲ್ ಸತ್ತೈತೆ ಕಣೇ" ಅಂದರು.

"ನಿಮಗೆ ಸತ್ತಿರೋದೇ ಕೇಳ್ಸೋದು. ಒಲೆ ಮುಂದೆ ಬದುಕಿರೋಳು ಕೂಗ್ಕೊಂಡಿದ್ದು ಕೇಳ್ಸಲಿಲ್ಲ," ಅಂದೆ.

"ಕೇಳ್ಸ್ತು. ಸೌದೆ ಒಡೆದುಕೊಡಿ ಅಂದೆ. ಅದಕ್ಕೇ ಇಲ್ಲಿ ಬಂದು ನಿಂತಿರೋದು."

ಲಾರಿ ನಮ್ಮ ಮುಂದೆಯೇ ಬಂದು ನಿಂತಿತು. ಡ್ರೈವರ್ ಇಳಿದವನೇ, "ಏನೋ ಎಳೀತಿಲ್ಲ ಮೇಸ್ತ್ರಿ" ಅಂದ. ಇವರು ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ಸೌದೆಯನ್ನು ನಾನೇ ಒಡೆದುಕೊಂಡೆ.

ಮಾರನೆಯ ದಿನ ಸಂಜೆ ಜ್ವರ ಬಂತು. ಬಹಳ ದಿನ ಕಾಡಿತು. ಜ್ವರ ಬಿಟ್ಟ ಮೇಲೆ ಅವರು ಎದ್ದು ಕುಳಿತು, ಮನೆ ಯಾಕೆ ಇಷ್ಟು ನಿಶ್ಶಬ್ದವಾಗಿದೆ ಎಂದು ಕೇಳಿದರು. ನಾನು ಆಗ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಅವರು ಕೇಳಿದ್ದು ಅಲ್ಲಿಗೂ ಕೇಳಿಸಿತು, ಅಷ್ಟು ಜೋರಾಗಿ ಕೇಳಿದ್ದರು. ಎರಡು ಕಿವಿಯೂ ಹೋಗಿದ್ದವು. ಮತ್ತೆ ಬರಲಿಲ್ಲ. ತುಟಿ ನೋಡಿ ಮಾತು ತಿಳಿಯುವುದನ್ನು ನಿಧಾನವಾಗಿ ಕಲಿತರು.

ಡೀಸೆಲ್ ಲಾರಿಯ ವಿಷಯ ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ಹೇಳಬೇಕು. ಇಂಜಿನ್ನಿನ ಒಂದೊಂದು ಸಿಲಿಂಡರಿಗೂ ಒಂದೊಂದು ನಾಜಲ್ ಇರುತ್ತದೆ. ಪಂಪಿನಿಂದ ಸಣ್ಣ ಪೈಪಿನಲ್ಲಿ ಬಂದ ಡೀಸೆಲ್ಲನ್ನು ಅದು ಮಂಜಿನ ಹಾಗೆ ಒಳಗೆ ಚಿಮ್ಮಿಸಬೇಕು. ಅದರ ತೂತು ಕಟ್ಟಿಕೊಂಡರೆ ಡೀಸೆಲ್ ಚಿಮ್ಮುವ ಬದಲು ತೊಟ್ಟಿಕ್ಕುತ್ತದೆ. ಲಾರಿ ಕಪ್ಪು ಹೊಗೆ ಬಿಡುತ್ತದೆ, ಬಡಿದುಕೊಳ್ಳುತ್ತದೆ, ಏರಿನಲ್ಲಿ ನಿಂತುಬಿಡುತ್ತದೆ. ಯಾವ ನಾಜಲ್ ಕಟ್ಟಿದೆ ಎಂದು ಹುಡುಕಲು ಇಂಜಿನ್ನನ್ನು ನಿಧಾನಕ್ಕೆ ಓಡಲು ಬಿಟ್ಟು, ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಬೇಕು. ಕೆಲಸ ಮಾಡುತ್ತಿರುವ ಸಿಲಿಂಡರಿನ ನಟ್ಟು ಸಡಿಲಿಸಿದರೆ ಇಂಜಿನ್ ಎಡವಿದ ಹಾಗೆ ಶಬ್ದ ಕುಗ್ಗುತ್ತದೆ. ಶಬ್ದ ಕುಗ್ಗದಿದ್ದರೆ ಅದೇ ಸತ್ತದ್ದು. ಕೆಲಸವೆಲ್ಲ ಕಿವಿಯದೇ.

ಪೆಟ್ರೋಲ್ ಲಾರಿಗಳ ಕಾಲದಿಂದ ಕೆಲಸ ಮಾಡಿ, ನಮ್ಮ ಕಡೆ ಡೀಸೆಲ್ ಲಾರಿಗಳು ಹೆಚ್ಚಾದಾಗ ಅದನ್ನೂ ಕಲಿತವರು ನಮ್ಮವರು. ಕಿವಿ ಹೋದ ಮೇಲೆ ಲಾರಿಗಳು ನಮ್ಮ ಶೆಡ್ಡಿನ ಮುಂದೆ ನಿಲ್ಲದೆ ಹೋಗತೊಡಗಿದವು. ಯಾರೂ ಕೆಟ್ಟ ಮಾತಾಡಲಿಲ್ಲ. ಹಳೆಯ ಡ್ರೈವರುಗಳು ಬಾಳೆಹಣ್ಣು ತಂದುಕೊಟ್ಟು, ಬೆನ್ನು ಸವರಿ, ಲಾರಿಯನ್ನು ಮುಂದಿನ ಶೆಡ್ಡಿಗೆ ತೆಗೆದುಕೊಂಡು ಹೋಗುತ್ತಿದ್ದರು. ಇವರು ಹಳೆಯ ನಾಜಲ್‌ಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಮತ್ತೆ ತೊಳೆಯುತ್ತ ಕೂರುತ್ತಿದ್ದರು. ಒಂದು ದಿನ ಅಂದರು, "ಇಂಜಿನ್ ಮುಂದೆ ನಿಂತ್ರೆ ಅದರ ಫೋಟೋ ಮುಂದೆ ನಿಂತಂಗಾಯ್ತದೆ ಕಣೇ."

ಅವರಿಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ.

ಶೆಡ್ಡಿನಲ್ಲಿ ರಿಪೇರಿಗೆಂದು ಬಿಟ್ಟುಹೋದ ಒಂದು ಮುದಿ ಲಾರಿ ಇತ್ತು. ಗೌರಿ ಹಬ್ಬ ಕಳೆದ ಮೇಲೆ ಒಂದು ಬೆಳಗ್ಗೆ ಅದನ್ನು ಚಾಲೂ ಮಾಡಿ ನನ್ನನ್ನು ಕರೆದರು. ನಾನು ಹಿಟ್ಟಿನ ಕೈಯಲ್ಲೇ ಹೋದೆ.

"ಇಲ್ಲಿ ನಿಂತ್ಕೋ. ನಾನು ನಟ್ಟು ಬಿಚ್ತೀನಿ. ಶಬ್ದ ಕುಗ್ಗಿದ್ರೆ ಕೈ ಎತ್ತು. ಕುಗ್ಗದಿದ್ರೆ ಸುಮ್ನೆ ನಿಂತಿರು."

ಮೊದಲ ದಿನ ಎಲ್ಲದಕ್ಕೂ ಕೈ ಎತ್ತಿದೆ. ಇಂಜಿನ್ ಪಕ್ಕದಲ್ಲಿ ನಿಂತರೆ ನನಗೆ ಗದ್ದಲ ಬಿಟ್ಟು ಬೇರೇನೂ ತಿಳಿಯುತ್ತಿರಲಿಲ್ಲ. "ಏನೇ, ಪಾಠ ಬರ್ದೇ ಇದ್ರೂ ಕೈ ಎತ್ತೋ ಹುಡುಗಿ ಆಗ್ಬುಟ್ಟೆ," ಎಂದು ನಕ್ಕರು. ಜ್ವರ ಬಿಟ್ಟ ಮೇಲೆ ಅವರು ನಕ್ಕದ್ದು ಆಗಲೇ ಮೊದಲು. ಆಮೇಲೆ ನನಗೇ ಹಟ ಬಂತು. ದಿನಾ ಬೆಳಗ್ಗೆ ನಿಂತೆ. ರೊಟ್ಟಿ ತಟ್ಟುವಾಗ ತಾಳ ತಪ್ಪಿದರೆ ಕೈಗೆ ತಿಳಿಯುತ್ತದಲ್ಲ, ಹಾಗೆ ಒಂದು ದಿನ ಇಂಜಿನ್ನಿನ ಶಬ್ದದಲ್ಲಿ ಒಂದು ಪೆಟ್ಟು ತಪ್ಪಿದ್ದು ಕಿವಿಗೆ ಸ್ಪಷ್ಟವಾಗಿ ತಿಳಿಯಿತು. ಕೈ ಎತ್ತಿದೆ.

ಅವರೂ ಸುಮ್ಮನಿರಲಿಲ್ಲ. ಪೈಪನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಡೀಸೆಲ್ ಹೋದಾಗೊಮ್ಮೆ ಪೈಪು ಚೂರು ಮಿಡಿಯುತ್ತದೆ. ನಾಜಲ್ ಕಟ್ಟಿದ್ದರೆ ಮಿಡಿತ ಬೇರೆ ಥರ, ಬಿರುಸಾಗಿ ಒದ್ದ ಹಾಗೆ. ಅವರು ಮೊದಲು ಬೆರಳಲ್ಲಿ ನೋಡಿ, ಆಮೇಲೆ ನಟ್ಟು ಸಡಿಲಿಸಿ ನನ್ನ ಕೈ ನೋಡುತ್ತಿದ್ದರು. ಎರಡೂ ಹೊಂದಿದ ದಿನ ಬಾಯಿಗೆ ಎಲೆ ಅಡಿಕೆ ಹಾಕಿಕೊಂಡು ಶೆಡ್ಡಿನೊಳಗೆ ಸುಮ್ಮನೆ ಓಡಾಡಿದರು.

ಆದರೆ ಇದನ್ನು ನೋಡಿದವರು ಯಾರಿದ್ದರು? ಲಾರಿಯವರು ನಂಬಿ ಲಾರಿ ಕೊಟ್ಟರೆ ತಾನೇ?

ಮಾಗಿಯ ಚಳಿಯಲ್ಲಿ ಕುಣಿಗಲ್ಲಿನಿಂದ ಒಬ್ಬ ಸಾಹುಕಾರರು ಬಂದರು. ಅವರಿಗೆ ತೆಂಗಿನ ತೋಟ, ಮನೆಯ ಪಕ್ಕದಲ್ಲೇ ಎಣ್ಣೆ ಗಾಣ. ಕಾಯಿ ಸಾಗಿಸಲು ಒಂದು ಹಳೆಯ ಲಾರಿ ಇಟ್ಟಿದ್ದರು, ಅದನ್ನು ತಾವೇ ಓಡಿಸುತ್ತಿದ್ದರು. ಅದು ಹೊಗೆ ಕಾರುತ್ತ ನಿಂತುಬಿಟ್ಟಿತ್ತು. ಇಬ್ಬರು ಮೇಸ್ತ್ರಿಗಳು ಪಂಪು ಇಳಿಸಿ ಏರಿಸಿ ಸೋತಿದ್ದರು. ನಮ್ಮವರ ಕಿವಿಯ ವಿಷಯ ಅವರಿಗೆ ಗೊತ್ತಿರಲಿಲ್ಲ. ಶೆಡ್ಡಿನ ಬಾಗಿಲಲ್ಲಿ ನಿಂತು ಎಲ್ಲ ಹೇಳಿ ಮುಗಿಸಿದ ಮೇಲೆ ಇವರು, "ಕಿವಿ ಕೇಳ್ಸಲ್ಲ ಸ್ವಾಮಿ, ಇನ್ನೊಂದ್ಸಲ ನನ್ನ ಮಖ ನೋಡ್ಕೊಂಡು ಹೇಳಿ" ಅಂದರು.

ಸಾಹುಕಾರರು ನನ್ನ ಕಡೆ ತಿರುಗಿದರು. "ಏನ್ ತಾಯಿ ಇದು? ಕಿವಿ ಇರೋರ್ಗೇ ಆಗ್ಲಿಲ್ಲ."

"ಅವರ್ಗೆ ಕಿವಿ ಇಲ್ಲ, ನನಗಿದೆ. ಇಬ್ರೂ ಬರ್ತೀವಿ," ಅಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ ಗೊತ್ತಿಲ್ಲ. ಸಾಹುಕಾರರು ಗಲ್ಲ ಕೆರೆದುಕೊಂಡು, "ಬನ್ನಿ ಮತ್ತೆ, ಹೆಂಗೂ ನಿಂತೈತೆ" ಅಂದರು.

ಮಾರನೆಯ ದಿನ ಮೊದಲ ಬಸ್ಸಿಗೆ ಹೋದೆವು. ಲಾರಿಯ ಸುತ್ತ ಆಗಲೇ ಜನ ಸೇರಿದ್ದರು. ನನ್ನನ್ನು ನೋಡಿ ಒಬ್ಬ, "ಮೇಸ್ತ್ರಿ ಜೊತೆಗೆ ಮೇಸ್ತ್ರಿಣಿನೂ ಬಂದವ್ಳೆ ಕಣ್ರೋ" ಅಂದ. ಇನ್ನೊಬ್ಬ, "ಬುಡ್ಲಾ, ಲಾರಿಗೆ ದೃಷ್ಟಿ ತೆಗೆಯಕ್ಕೆ ಬಂದಿರ್ಬೇಕು" ಅಂದ. ಸೆರಗು ಸಿಕ್ಕಿಸಿಕೊಂಡು ಬಾನೆಟ್ಟಿನ ಪಕ್ಕ ನಿಂತೆ. ಇವರಿಗೆ ಅದೊಂದೂ ಕೇಳಿಸಿರಲಿಲ್ಲ, ಅದು ಒಳ್ಳೆಯದೇ ಆಯಿತು.

ಇಂಜಿನ್ ಚಾಲೂ ಆಯಿತು. ಇವರು ಒಂದೊಂದೇ ಪೈಪು ಹಿಡಿದು ನೋಡಿದರು. ಯಾವುದಕ್ಕೂ ಮುಖದಲ್ಲಿ ಏನೂ ತೋರಿಸಲಿಲ್ಲ. ಆಮೇಲೆ ಸ್ಪ್ಯಾನರ್ ತೆಗೆದುಕೊಂಡರು. ಮೊದಲನೆಯ ನಟ್ಟಿಗೆ ಇಂಜಿನ್ ಎಡವಿತು, ಕೈ ಎತ್ತಿದೆ. ಎರಡನೆಯದಕ್ಕೂ ಎತ್ತಿದೆ. ಮೂರನೆಯದಕ್ಕೆ ಶಬ್ದ ಇದ್ದ ಹಾಗೇ ಇತ್ತು. ಸುಮ್ಮನೆ ನಿಂತೆ. ಅವರು ನನ್ನ ಕೈ ನೋಡಿದರು, ಮುಂದಕ್ಕೆ ಹೋದರು. ನಾಲ್ಕನೆಯದಕ್ಕೂ ಆರನೆಯದಕ್ಕೂ ಕೈ ಎತ್ತಿದೆ, ಐದನೆಯದಕ್ಕೆ ಮತ್ತೆ ಸುಮ್ಮನೆ ನಿಂತೆ.

ಇಂಜಿನ್ ಆರಿಸಿ, "ಮೂರು, ಐದು. ಬೆರಳೂ ಅದನ್ನೇ ಹೇಳ್ತು. ಪಂಪಿನ ತಪ್ಪಲ್ಲ," ಅಂದರು.

ಸಾಹುಕಾರರು ನನ್ನನ್ನೇ ಕೇಳಿದರು, "ಯಾಕೆ ಕಟ್ಕೊಂಡ್ತು ತಾಯಿ? ಡೀಸೆಲ್ನ ಹೊಸಾ ಬಟ್ಟೇಲೇ ಸೋಸಿ ಹಾಕೋದು ನಾನು."

ನಾನು ಅದನ್ನು ಇವರ ಮುಖ ನೋಡುತ್ತ ಮತ್ತೆ ಹೇಳಿದೆ. ಇವರು ಸಾಹುಕಾರರ ಕಡೆ ತಿರುಗಿ, "ಯಾವುದು ಅಂತ ಅವಳನ್ನ ಕೇಳಿ, ಯಾಕೆ ಅಂತ ನನ್ನ ಕೇಳಿ" ಅಂದರು. ಜನ ನಕ್ಕರು, ಈ ಸಲ ನಮ್ಮ ಕಡೆಯಾಗಿ ನಕ್ಕರು.

ಮೂರನೆಯ ನಾಜಲ್ ಬಿಚ್ಚಿ, ಅದನ್ನು ಪೈಪಿಗೆ ಹೊರಮುಖವಾಗಿ ಸಿಕ್ಕಿಸಿ, ಯಾರೂ ಕೈ ಅಡ್ಡ ಇಡಬೇಡಿ ಎಂದು ಗದರಿಸಿ ಇಂಜಿನ್ ತಿರುಗಿಸಲು ಹೇಳಿದರು. ಡೀಸೆಲ್ ಮಂಜಾಗಲಿಲ್ಲ. ಮೂಗು ಸೋರಿದ ಹಾಗೆ ಸೋರಿತು. ತುದಿಯಲ್ಲಿ ಕರಿ ಅಂಟು ಗಂಟು ಕಟ್ಟಿದಂತೆ ಕೂತಿತ್ತು. ಇವರು ಅದನ್ನು ಉಗುರಲ್ಲಿ ಕೆರೆದು ಮೂಸಿದರು. ಆಮೇಲೆ ಹೋಗಿ ಸೈಲೆನ್ಸರ್ ಬಾಯಿಯನ್ನೂ ಮೂಸಿದರು.

"ಯಾರ ಮನೇಲಪ್ಪ ಚಕ್ಕುಲಿ ಕರೀತಿರೋದು?"

"ಅದು ನಮ್ಮ ಗಾಣದ ವಾಸನೆ ಮೇಸ್ತ್ರಿ. ನಮ್ಮ ಬೀದಿಯೆಲ್ಲ ಅದೇ," ಎಂದು ಸಾಹುಕಾರರು ಗಾಣದ ಕಡೆ ಕೈ ತೋರಿಸಿದರು.

ಇವರೂ ಅತ್ತ ನೋಡಿದರು. ಗಾಣದ ಎತ್ತು ಗೊಂತಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು. "ಗಾಣ ನಿಂತೈತೆ. ವಾಸನೆ ಲಾರಿಯಿಂದ ಬರ್ತಿರೋದು. ಡೀಸೆಲ್ ಎಲ್ಲಿ ಇಟ್ಟಿದೀರಿ?"

ಡೀಸೆಲ್ಲನ್ನು ತುಮಕೂರಿನಿಂದ ತಂದು ಡ್ರಮ್ಮಿನಲ್ಲಿ ತುಂಬಿಡುತ್ತಿದ್ದರು. ಡ್ರಮ್ಮು ಗಾಣದ್ದು, ಎಷ್ಟೋ ವರ್ಷ ಕೊಬ್ಬರಿ ಎಣ್ಣೆ ತುಂಬಿದ್ದದ್ದು. ಇವರು ಒಂದು ಉದ್ದನೆಯ ಕೋಲು ತರಿಸಿ ಡ್ರಮ್ಮಿನ ತಳ ಕೆರೆದು ಮೇಲೆತ್ತಿದರು. ಕೋಲಿನ ತುದಿಗೆ ಬೆಣ್ಣೆಯಂತೆ ಬಿಳಿ ಮೆತ್ತಿಕೊಂಡಿತ್ತು. ನಮ್ಮ ಕಡೆ ಹೆಂಗಸರಿಗೆ ಅದೇನೆಂದು ಹೇಳಬೇಕಾಗಿಲ್ಲ. ಚಳಿಗಾಲದಲ್ಲಿ ಎಣ್ಣೆ ಶೀಶೆಯನ್ನು ಒಲೆಯ ಪಕ್ಕ ಇಡುವವರು ನಾವೇ. ಎಣ್ಣೆಯ ಜಿಡ್ಡೂ ಹಿಂಡಿಯ ಪುಡಿಯೂ ತಳದಲ್ಲಿ ಉಳಿದು, ಬಿಸಿಲೇರಿದಾಗ ಕರಗಿ ಡೀಸೆಲ್ಲಿನ ಜೊತೆ ಬಟ್ಟೆಯೊಳಗಿಂದ ಇಳಿದು, ನಾಜಲ್ ತುದಿಯಲ್ಲಿ ಸುಟ್ಟು ಅಂಟಾಗಿತ್ತು.

"ಡ್ರಮ್ ತೊಳ್ದಿದೀನಿ ಕಣಪ್ಪ! ನಾನೇ ನಿಂತ್ಕೊಂಡು ಸೀಗೇಪುಡಿ ಹಾಕ್ಸಿ ತೊಳ್ಸಿದೀನಿ!"

ನಾನು ತುಟಿ ಅಲ್ಲಾಡಿಸಿ ತಿಳಿಸಿದೆ. ಇವರು ಗಂಭೀರವಾಗಿಯೇ, "ಸದ್ಯ, ಲಾರಿಗೆ ತಲೆಹೊಟ್ಟಾಗಿಲ್ಲ" ಅಂದರು. ಸಾಹುಕಾರರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಟ್ಯಾಂಕು ಬರಿದು ಮಾಡಿ, ಪೈಪು ಫಿಲ್ಟರು ತೊಳೆದು, ಆರೂ ನಾಜಲ್‌ಗಳನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ತೂತುಗಳನ್ನು ಸಣ್ಣ ತಂತಿಯಿಂದ ಬಿಡಿಸಿ, ಬೇರೆ ಕಡೆಯಿಂದ ತರಿಸಿದ ಡೀಸೆಲ್ ತುಂಬುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ಮತ್ತೆ ಹೊರಗಿಟ್ಟು ಚಿಮ್ಮಿಸಿದಾಗ ಬಿಸಿಲಲ್ಲಿ ಮಂಜು ಎದ್ದಿತು. ಕಾಯಿ ತುಂಬಿದ ಲಾರಿಯಲ್ಲಿ ಸಾಹುಕಾರರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಏರಿನ ಕಡೆಗೆ ಹೊರಟರು. ಇವರು ಅಂಗೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿದ್ದರು. ಏರಿನ ನಡುವೆ ಇವರು, "ಗೇರ್ ಇಳಿಸ್ಬೇಡಿ, ಎಳೀತದೆ" ಅಂದರು. ಸಾಹುಕಾರರು ಗೇರಿನ ಮೇಲಿಟ್ಟ ಕೈಯನ್ನು ತೆಗೆದರು. ಲಾರಿ ಏರು ಹತ್ತಿತು.

ಇಳಿಯುವಾಗ ಸಾಹುಕಾರರು ಇವರ ಮುಖದ ಮುಂದೆ ಬಂದು, ಒಂದೊಂದೇ ಮಾತನ್ನು ಬಿಡಿಸಿ, "ಇನ್ಮೇಲೆ ನಮ್ಮ ಲಾರಿ ನಿಮ್ಮ ಶೆಡ್ಡಿಗೇ ಮೇಸ್ತ್ರಿ" ಅಂದರು. ನನ್ನ ಕಡೆ ತಿರುಗಲಿಲ್ಲ. ಅವರಿಗೇ ನೇರವಾಗಿ ಹೇಳಿದರು. ಆ ಹೊತ್ತಿನಲ್ಲಿ ನಮ್ಮವರು ನಿಂತ ನಿಲುವನ್ನು ನೋಡಿ ನನಗಾದ ಹೆಮ್ಮೆ, ನಮ್ಮ ಮದುವೆಯ ದಿನವೂ ಆಗಿರಲಿಲ್ಲ.

ಕುಣಿಗಲ್ಲಿನ ಮಾತು ಗುಬ್ಬಿಗೂ ಮುಟ್ಟಿತು. ಶೆಡ್ಡಿನ ಮುಂದೆ ಮತ್ತೆ ಲಾರಿಗಳು ನಿಂತವು. ಕೆಲವರು ನಮ್ಮಿಬ್ಬರನ್ನು ನೋಡುವುದಕ್ಕೆಂದೇ ಬರುತ್ತಿದ್ದರು. ಬರಬರುತ್ತ ನಮ್ಮವರ ಬೆರಳು ಎಷ್ಟು ಪಳಗಿತೆಂದರೆ, ನಾನು ನಿಲ್ಲಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಕರೆಯುತ್ತಿದ್ದರು. ನಾನೂ ಒಲೆಯ ಉರಿ ತಗ್ಗಿಸಿ ಹೋಗುತ್ತಿದ್ದೆ. ಕೊನೆಯವರೆಗೂ ಅವರು ಕಿವುಡ ಎಂದು ಕೆಲಸ ಬಿಟ್ಟವರಲ್ಲ, ಮೇಸ್ತ್ರಿಯಾಗಿಯೇ ಇದ್ದರು. ಇದನ್ನು ಬರೆದಿಡಬೇಕೆಂದೇ ಕೂತೆ.

ಅವರು ಹೋಗಿ ವರ್ಷ ತುಂಬುತ್ತ ಬಂತು. ಮನೆಯಲ್ಲಿ ಮಕ್ಕಳಿದ್ದಾರೆ, ಸೊಸೆ ಇದ್ದಾಳೆ, ಮಾತಿಗೆ ಕೊರತೆಯಿಲ್ಲ. ಎಲ್ಲರಿಗೂ ಕಿವಿ ಚೆನ್ನಾಗಿ ಕೇಳಿಸುವುದರಿಂದ ಬೇರೆ ಕಡೆ ನೋಡುತ್ತಲೇ ಉತ್ತರ ಕೊಡುತ್ತಾರೆ. ನಾನು ಮಾತಾಡುವಾಗ ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನ ಮುಖ ನೋಡುವವರು ಈಗ ಇಲ್ಲ.